ಒಳಕ್ಕೆ ಮುಖ ಮಾಡಿದ ಚಪ್ಪಲಿ

ಹೋದ ವಾರ ಹನಗೋಡಿನ ತವರಿಗೆ ಹೋದಾಗ ಪಕ್ಕದವರ ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬಿಸಿಗೂಡಿನಲ್ಲಿ, ಹೊಗೆಸೊಪ್ಪು ಬೇಯುತ್ತಿತ್ತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮೇಷ್ಟ್ರು ನೆನಪಾದರು. ನನ್ನ ನಾಟಕದ ಎರಡನೇ ಮುದ್ರಣದ ಕರಡು ಬ್ಯಾಗಿನಲ್ಲಿತ್ತು.

ತೊಂಬತ್ತರ ದಶಕದಲ್ಲಿ ನಮ್ಮ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ಹುಣಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ರಜೆಯ ದಿನ ಹೆಂಗಸರು ಬ್ಯಾರನ್‌ಗೆ ಏರಿಸುವ ಹಸಿ ಹೊಗೆಸೊಪ್ಪಿನ ಎಲೆಯನ್ನು ಕಡ್ಡಿಗೆ ಕಟ್ಟಲು ಕೂತರೆ ಅವರೂ ಬಂದು ಕೂರುವರು. ಐರ್ಲೆಂಡಿನ ನಾಟಕಗಳನ್ನು ಪುಸ್ತಕವಿಲ್ಲದೆ, ನೆನಪಿನಿಂದಲೇ ಹೇಳುವರು. ಒಂದು ಕಡ್ಡಿ ತುಂಬಿದರೆ ಒಂದು ದೃಶ್ಯ, ಅದು ಕರಾರು. ಕಥೆಯ ಆಸೆಗೆ ಹೆಂಗಸರು ಅವಸರದಲ್ಲಿ ಒತ್ತೊತ್ತಾಗಿ ಕಟ್ಟಿ, ಬೇಯುವಾಗ ಎಲೆ ಕಪ್ಪಗಾಗಿ, ಅಪ್ಪನಿಂದ ಬೈಸಿಕೊಂಡದ್ದೂ ಉಂಟು...

ಬಿ.ಎ. ಕೊನೆಯ ವರ್ಷ ಕಾಲೇಜುಗಳ ಸ್ಪರ್ಧೆಗೆ ನಾನೂ ಒಂದು ನಾಟಕ ಬರೆದೆ. ಹೊಳೆಯಲ್ಲಿ ಕೊಚ್ಚಿಹೋದ ಗಂಡನ ಚಪ್ಪಲಿಯನ್ನು ಹೆಂಡತಿ ದಿನಾ ಸಂಜೆ ಬಾಗಿಲ ಮುಂದಿಟ್ಟು, ಮುಖ ಒಳಕ್ಕೆ ತಿರುಗಿಸುತ್ತಾಳೆ. ಬಂದವನಿಗೆ ದಾರಿ ತಪ್ಪಬಾರದಂತೆ. ತಾಲೀಮಿನಲ್ಲಿ ಎಲ್ಲರೂ ಅತ್ತರು. ನನಗೆ ಮಾತ್ರ ಒಂದು ಅನುಮಾನ. ಇದನ್ನು ಸೊಪ್ಪು ಕಟ್ಟುವಾಗ ಕೇಳಿದ್ದೆನಲ್ಲ? ಐರ್ಲೆಂಡಿನವರದ್ದನ್ನು ಕದ್ದಿದ್ದಾಳೆಂದು ತೀರ್ಪುಗಾರರು ಹಿಡಿದರೆ?

ಎರಡು ದಿನ ಅನ್ನ ಸೇರಲಿಲ್ಲ. ಕೊನೆಗೆ ಮೇಷ್ಟ್ರ ಕೈಗೇ ಹಾಳೆಗಳನ್ನು ಕೊಟ್ಟೆ. ಓದಿ ಮುಗಿಸಿ, ಚಪ್ಪಲಿಯ ದೃಶ್ಯವಿದ್ದ ಹಾಳೆಯನ್ನು ಹುಡುಕಿ ಮತ್ತೊಮ್ಮೆ ಓದಿದರು.

"ಇದು ಐರ್ಲೆಂಡಿಂದಲ್ಲ ಕಣಮ್ಮ. ಸೊಪ್ಪು ಕಟ್ಟೋವಾಗ ನಿಮ್ಮವ್ವ ಹೇಳಿದ್ದು. ನಿಮ್ಮನೇದೇ. ಧೈರ್ಯವಾಗಿ ಆಡ್ಸು."

ಹೋದ ಜೀವ ಬಂದಂತಾಯಿತು. ಬಹುಮಾನವೂ ಬಂತು, ಮುಂದೆ ಪುಸ್ತಕವೂ ಆಯಿತು. ಅವ್ವನ ಹೆಸರಿಗೆ ಅರ್ಪಿಸಿದೆ. ಓದು ಬಾರದ ಅವಳಿಗೆ ಅದನ್ನು ಓದಿ ಹೇಳಬೇಕೆಂದು ಮಾತ್ರ ಇಷ್ಟು ವರ್ಷ ತೋಚಲೇ ಇಲ್ಲ, ನನ್ನ ಬುದ್ಧಿಗಿಷ್ಟು.

ಅಂದು ಸಂಜೆ ಕರಡು ತೆಗೆದು ಆ ದೃಶ್ಯ ಓದಿ, ಇದು ನೀನೇ ಹೇಳಿದ್ದಂತಲ್ಲವ್ವ ಎಂದೆ. ಅವ್ವ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ನಾನ್ಯಾವತ್ತೆ ಅಂಗಂದೆ? ಮೇಷ್ಟ್ರು ಯೋಳಿದ್ದು ಕಣೆ. ಅವರಪ್ಪ ಹೊಳೆ ಪಾಲಾದ ಮ್ಯಾಕೆ ಅವರವ್ವ ಅಂಗೇ ಮಡಗ್ತಿದ್ರಂತೆ. ನಾಟಕ ಯೋಳ್ತಾ ಯೋಳ್ತಾ ಅದು ಬಾಯಿಗೆ ಬಂದ್ಬುಡ್ತು. ಅವತ್ತು ಮುಂದಕ್ಕೆ ಯೋಳ್ನಿಲ್ಲ, ಎದ್ದೋದ್ರು."

ಮೇಷ್ಟ್ರು ತೀರಿಕೊಂಡು ವರ್ಷಗಳೇ ಆದವು... ನನ್ನ ಉಳಿದ ನಾಟಕಗಳಲ್ಲಿ ಅವರ ಮನೆಯದು ಇನ್ನೂ ಏನೇನು ಸೇರಿದೆಯೋ ಎಂದು ಈಗ ದಿಗಿಲಾಗುತ್ತದೆ. ಕೇಳೋಣವೆಂದರೆ ಅವರಿಲ್ಲ.

ಅರ್ಪಣೆಯ ಪುಟ ತೆರೆದು ಅವ್ವನ ಹೆಸರನ್ನು ಅವಳೆದುರೇ ಹೊಡೆದು ಹಾಕಿದೆ. ಅಲ್ಲಿ ಮೇಷ್ಟ್ರ ತಾಯಿಯ ಹೆಸರು ಬರೆಯಬೇಕು. ಅದು ನನಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ.