ಎರಡು ಪುಟದ ಪಹಣಿ

ದೇವರಾಯಸಮುದ್ರದಲ್ಲಿ ಎಲ್ಲರ ಪಹಣಿಯೂ ಒಂದೇ ಪುಟ ಬರುತ್ತದೆ. ಶ್ರೀನಿವಾಸಪ್ಪನವರದು ಮಾತ್ರ ಎರಡು. ಜಮೀನು ಜಾಸ್ತಿಯೆಂದಲ್ಲ, ಇರುವುದು ಎರಡು ಎಕರೆ ಹದಿನಾಲ್ಕು ಗುಂಟೆ, ಮುಕ್ಕಾಲು ಪಾಲು ಹಿಪ್ಪುನೇರಳೆ, ಉಳಿದದ್ದು ರಾಗಿ. ಎರಡನೇ ಪುಟ ಬರುವುದು ಹನ್ನೊಂದನೇ ಕಾಲಮ್ಮಿನ ದೆಸೆಯಿಂದ. ಜಮೀನಿನ ಮೇಲಿನ ಋಣಭಾರ ಬರೆಯುವ ಆ ಕಾಲಮ್ಮಿನಲ್ಲಿ ಬೇರೆಯವರಿಗೆ ಸೊಸೈಟಿ ಸಾಲ ಇರುತ್ತದೆ. ಇವರಿಗೆ ಇದ್ದದ್ದು ಜಾಮೀನು. ಮುಳಬಾಗಿಲು ಕೋರ್ಟಿನಲ್ಲಿ ಯಾರನ್ನಾದರೂ ಬಿಡಿಸಲು ಇವರು ಸಹಿ ಹಾಕಿದಾಗಲೆಲ್ಲ ಕೋರ್ಟು ತಾಲ್ಲೂಕು ಕಚೇರಿಗೆ ಕಾಗದ ಬರೆಯುತ್ತಿತ್ತು. ಕಚೇರಿಯವರು ‘ಈ ಜಮೀನು ಇಂಥ ಕೇಸಿಗೆ ಜಾಮೀನಾಗಿದೆ’ ಎಂದು ಪಹಣಿಗೆ ಒಂದು ಸಾಲು ಸೇರಿಸುತ್ತಿದ್ದರು. ಹಾಗೆ ಏಳು ಸಾಲು.

ಸಹಿಗೆ ಅವರು ಯಾರಿಂದಲೂ ಒಂದು ರೂಪಾಯಿ ಮುಟ್ಟಿದವರಲ್ಲ. ಮುಟ್ಟಿದ್ದರೆ ಒಂದು ಕಸುಬಾದರೂ ಆಗುತ್ತಿತ್ತು. ಒಂದು ಮಸಾಲೆ ದೋಸೆ, ಒಂದು ಕಾಫಿ, ಮತ್ತು ಕೋರ್ಟಿನ ಜವಾನ ಕಟಕಟೆಯ ಬಳಿ ನಿಂತು ಮೂರು ಸಲ ತಮ್ಮ ಹೆಸರನ್ನು ಕೂಗುವುದು, ಇಷ್ಟೇ ಅವರ ಸಂಭಾವನೆ. “ಆರೋಪಿ ಗೊತ್ತೇನ್ರೀ?” ಎಂದು ನ್ಯಾಯಾಧೀಶರು ಕೇಳಿದರೆ, “ನಮ್ಮೂರ ಹುಡ್ಗ ಸ್ವಾಮಿ, ನನ್ ಮಾತು ಮೀರಲ್ಲ” ಎನ್ನುತ್ತಿದ್ದರು. ಮನೆಯಲ್ಲಿ ಬೆಕ್ಕು ಕೂಡ ಅವರ ಮಾತು ಮೀರುತ್ತಿತ್ತು. ಸಹಿ ಹಾಕಲು ಅರ್ಧ ನಿಮಿಷ ಬೇಕು. ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದು, ಕೊನೆಗೆ ಎರಡು ಚುಕ್ಕೆ ಇಟ್ಟರೆ ಮಾತ್ರ ಅದು ಅವರ ಸಹಿ. ಕೇಸು ಮುಗಿದ ಮೇಲೆ ಅರ್ಜಿ ಕೊಟ್ಟು ಪಹಣಿಯಿಂದ ಜಾಮೀನು ತೆಗೆಸಬೇಕು. ಅದನ್ನು ಅವರು ಒಮ್ಮೆಯೂ ಮಾಡಲಿಲ್ಲ. “ಇರ್ಲಿ ಬಿಡ್ರೀ, ಗೌರ್ಮೆಂಟೇ ನಮ್ಮನ್ನ ನಂಬಿದೆ ಅಂತ ಬರ್ದಿರೋದು ಅದು” ಎನ್ನುತ್ತಿದ್ದರು. ನಾವೆಲ್ಲರೂ ಅವರನ್ನು ‘ಜಾಮೀನ್ದಾರ್ರೇ’ ಎಂದೇ ಕರೆಯುತ್ತಿದ್ದೆವು. ಕರೆಯುವುದಕ್ಕೆ ಖರ್ಚಿಲ್ಲವಲ್ಲ.

ಅವರ ಒಬ್ಬಳೇ ಮಗಳು ಮೇಘನ. ಏಳನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಅಪ್ಪನ ಜೊತೆ ಕೋರ್ಟಿಗೆ ಹೋಗಿದ್ದಳು. ಅಂದು ಪೀಠದಲ್ಲಿದ್ದವರು ಹೆಂಗಸು, ವಯಸ್ಸು ಮೂವತ್ತೂ ದಾಟಿರಲಿಕ್ಕಿಲ್ಲ. ಊರಲ್ಲಿ ಯಾರ ಮುಂದೆಯೂ ತಗ್ಗದ ಅಪ್ಪ ಆಕೆಯ ಮುಂದೆ ಕೈ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದನ್ನು ಹುಡುಗಿ ನೋಡಿದಳು. ಬಸ್ಸಿನಲ್ಲಿ ಬರುತ್ತಾ, “ಅಪ್ಪಾ, ಆ ಕುರ್ಚಿಗೆ ಏನ್ ಓದ್ಬೇಕು?” ಎಂದಳು. ಅಲ್ಲಿಂದ ಮುಂದೆ ಬೇರೆ ಏನನ್ನೂ ಕೇಳಲಿಲ್ಲ.

ಈ ವರ್ಷ ಪಿಯುಸಿಯಲ್ಲಿ ತೊಂಬತ್ತನಾಲ್ಕು ಪರ್ಸೆಂಟು ಬಂತು. ಮೂರು ಕಡೆ ಲಾ ಸೀಟು ಸಿಕ್ಕಿತು. ಊರಿನವರು ಅರಳೀಕಟ್ಟೆಯಲ್ಲಿ ಕೂತು ಮೂರನ್ನೂ ಚೆನ್ನಾಗಿ ಬಲ್ಲವರಂತೆ ತೀರ್ಪು ಕೊಡುತ್ತಿದ್ದಾಗ, ಮೇಘನ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು ಗೋಡೆಗೆ ಅಂಟಿಸಿದಳು. ಆ ಮನೆಯಲ್ಲಿ ಕಾಲಂ ಎಂದರೆ ಏನೆಂದು ನಿಜವಾಗಿ ಅರಿತಿದ್ದವಳು ಅವಳೊಬ್ಬಳೇ.

ಮೊದಲನೆಯದು ಬೆಂಗಳೂರಿನ ಹೊರಗಿರುವ ಗಾಜಿನ ಕಟ್ಟಡದ ಕಾಲೇಜು. ವರ್ಷಕ್ಕೆ ನಾಲ್ಕು ಲಕ್ಷ ಫೀಸು, ಅದರಲ್ಲಿ ಮುಕ್ಕಾಲು ಭಾಗ ಸ್ಕಾಲರ್‌ಶಿಪ್ ಎಂದು ಬಣ್ಣದ ಪುಸ್ತಕದಲ್ಲಿ ದಪ್ಪ ಅಕ್ಷರ. ಶ್ರೀನಿವಾಸಪ್ಪ ಆ ಪುಸ್ತಕವನ್ನು ಹಿಡಿದುಕೊಂಡೇ ಎರಡು ದಿನ ಓಡಾಡಿದರು.

“ಪಾಪಾ, ಇಲ್ಲಿ ಲಿಫ್ಟೇ ನಾಲ್ಕಿವೆಯಂತೆ ಕಣಮ್ಮಾ!”

“ಅಪ್ಪಾ, ಸಣ್ಣಕ್ಷರ ಓದು. ಸ್ಕಾಲರ್‌ಶಿಪ್ ಮೊದಲ್ನೇ ವರ್ಷಕ್ಕಷ್ಟೇ. ಆಮೇಲೆ ಕ್ಲಾಸಿಗೆ ಮೊದಲ ಐದು ಜನದಲ್ಲಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಮತ್ತೆ ಅಲ್ಲಿ ಓದ್ದೋರು ಕಂಪನಿಗಳಿಗೆ ಹೋಗ್ತಾರೆ. ನಾನು ಕಂಪನಿಗೆ ಹೋಗಲ್ಲ.”

ಮೂರನೆಯದು ಕೋಲಾರದ ಕಾಲೇಜು. ಫೀಸು ಕಡಿಮೆ, ಬಸ್ ಪಾಸ್ ಸಾಕು, ಹಾಸ್ಟೆಲ್ ಇಲ್ಲ. ಹೋಗಿ ಬರುವ ಬಸ್ಸಿನಲ್ಲೇ ದಿನಕ್ಕೆ ಮೂರು ಗಂಟೆ ಎಂದು ಮೇಘನ ಲೆಕ್ಕ ಹಾಕಿದ್ದಳು. ಮನೆಗೆ ಬಂದರೆ ರೇಷ್ಮೆ ಹುಳು ಮನೆಯ ಕೆಲಸ ಬೇರೆ.

ನಡುವಿನದು ಮೈಸೂರಿನದು. ಹಳೆಯ ಕಾಲೇಜು, ದೊಡ್ಡ ಲೈಬ್ರರಿ, ಅಲ್ಲಿ ಓದಿದವರು ಪ್ರತಿ ವರ್ಷ ಸಿವಿಲ್ ಜಡ್ಜ್ ಪರೀಕ್ಷೆ ಪಾಸು ಮಾಡುತ್ತಾರೆಂಬ ಮಾತು. ಐದು ವರ್ಷವೂ ಅರ್ಧ ಫೀಸು ಮಾಫಿ, ಯಾವ ಷರತ್ತೂ ಇಲ್ಲ. ಹಾಸ್ಟೆಲ್ ಸೇರಿ ಒಟ್ಟು ಹತ್ತೂವರೆ ಲಕ್ಷ. ಮನೆಯಿಂದ ವರ್ಷಕ್ಕೆ ಐವತ್ತು ಸಾವಿರ ಹೊಂದಿಸಿದರೆ ಬ್ಯಾಂಕಿನಿಂದ ಎಂಟು ಲಕ್ಷ ಬೇಕು. ಮೇಘನ ಆ ಕಾಲಮ್ಮಿನ ತಲೆಗೆ ಕುಂಕುಮ ಇಟ್ಟಳು. ಜುಲೈ ಹದಿನೈದರೊಳಗೆ ಮೊದಲ ವರ್ಷದ ಹಣ ಕಟ್ಟಬೇಕು, ತಪ್ಪಿದರೆ ಸೀಟು ಮುಂದಿನವರಿಗೆ. ಅಪ್ಪ ಮಗಳು ಕುರುಡುಮಲೆಗೆ ಹೋಗಿ ಗಣೇಶನಿಗೆ ಕಾಯಿ ಒಡೆಸಿಕೊಂಡು ಬಂದರು. ಜುಲೈ ಒಂದಕ್ಕೆ ಬ್ಯಾಂಕಿಗೆ ಹೊರಟರು.

ಮ್ಯಾನೇಜರು ಮುರಳಿಮೋಹನ್ ಒಳ್ಳೆಯ ಮನುಷ್ಯ. ಎಂಟು ಲಕ್ಷಕ್ಕೆ ಜಮೀನು ಆಧಾರ ಬೇಕೆಂದರು. ಶ್ರೀನಿವಾಸಪ್ಪ ಆ ಮಾತಿಗಾಗಿಯೇ ಹುಟ್ಟಿದವರಂತೆ ಫೈಲು ತೆಗೆದು, ಲ್ಯಾಮಿನೇಶನ್ ಮಾಡಿಸಿದ ಎರಡು ಪುಟಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, ಹೊಗಳಿಕೆಗಾಗಿ ಕಾದರು.

“ಏನ್ರೀ ಇದು, ಪಹಣಿನೋ ಹಾಜರಿ ಪುಸ್ತಕನೋ?” ಎಂದರು ಮ್ಯಾನೇಜರು.

“ಅದೇ ಸಾರ್, ಏಳು ಜನಕ್ಕೆ ನಾನೇ ನಿಂತಿರೋದು.”

“ಅದಕ್ಕೇ ಕೂರೋಕೆ ಜಾಗ ಇಲ್ಲ ಇಲ್ಲಿ. ಈ ಏಳೂ ಹೋಗ್ಬೇಕ್ರೀ. ಕೋರ್ಟಿಗೆ ಬರ್ಕೊಟ್ಟ ಜಮೀನನ್ನ ಬ್ಯಾಂಕು ಮುಟ್ಟಲ್ಲ.”

ಮೇಘನ ಬೇಗ ಹೇಳಿದಳು: “ಸಾರ್, ಸಾಲ ಏಳೂವರೆ ಲಕ್ಷಕ್ಕೆ ಇಳಿಸ್ಕೊಂಡ್ರೆ ಜಮೀನು ಬೇಡ ಅಲ್ವಾ? ಮಿಕ್ಕಿದ್ದು ಹೇಗಾದ್ರೂ ನೋಡ್ಕೊತೀವಿ.”

ಮ್ಯಾನೇಜರು ಅವಳನ್ನೊಮ್ಮೆ ನೋಡಿದರು. “ಓದ್ಕೊಂಡೇ ಬಂದಿದೀಯಮ್ಮ. ಬೇಡ. ನಿಮ್ಮ ತಂದೆ ಜೊತೆ ಸಾಲಗಾರರಾಗಿ ಸೈನ್ ಹಾಕಿದ್ರೆ ಸಾಕು. ಅವ್ರ ಮೇಲೆ ಕೋರ್ಟಿಂದು ಬಾಕಿಗೀಕಿ ಏನೂ ಇಲ್ಲ ತಾನೇ?”

ಶ್ರೀನಿವಾಸಪ್ಪ ಫೈಲನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಮೇಘನ ಅದನ್ನು ಅವರ ಕೈಯಿಂದ ತೆಗೆದುಕೊಂಡು ಬಿಚ್ಚಿದಳು. ಹಿಂದಿನ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಒಂದು ನೋಟಿಸು ಇತ್ತು. ಟೊಮೆಟೊ ಮಂಡಿಯ ಹೊಡೆದಾಟದ ಕೇಸಿನಲ್ಲಿ ಇವರು ಬಿಡಿಸಿದ್ದ ಕದಿರೇಶ್ ಎಂಬ ಹುಡುಗ ಒಂದು ವರ್ಷದಿಂದ ಕೋರ್ಟಿಗೆ ಬಂದಿಲ್ಲ. ಜಾಮೀನಿನ ಐವತ್ತು ಸಾವಿರವನ್ನು ಯಾಕೆ ವಸೂಲು ಮಾಡಬಾರದು, ಬಂದು ಹೇಳಿ ಎಂದಿತ್ತು. ನೋಟಿಸು ಬಂದು ಐದು ತಿಂಗಳಾಗಿತ್ತು.

“ಹೇಳ್ಲಿಲ್ಲ ಯಾಕಪ್ಪಾ?”

“ಕೋರ್ಟಿನೋರೆಲ್ಲ ನಮ್ಮೋರೇ ಕಣಮ್ಮಾ… ಮಾತಾಡಿದ್ರೆ ಆಗುತ್ತೆ ಅಂತ…”

“ತಾಯಿ ಹೆಸರಲ್ಲಿ ಏನಾದ್ರೂ ಇದೆಯಾ?” ಮ್ಯಾನೇಜರು ಕೇಳಿದರು.

“ರೇಷನ್ ಕಾರ್ಡಿದೆ ಸಾರ್,” ಎಂದಳು ಮೇಘನ. ನಗಲಿಲ್ಲ.

ಮಾರನೇ ದಿನ ಬೆಳಗ್ಗೆ ಅಪ್ಪ ಮಗಳು ಕದಿರೇಶನ ತಾಯಿ ಬಚ್ಚಮ್ಮನ ಮನೆಗೆ ಹೋದರು. ಆಕೆ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಹಾಗೆಯೇ ನಿಂತಳು.

“ವೇಮಗಲ್ ಫ್ಯಾಕ್ಟ್ರೀಲಿ ಲೋಡಿಂಗ್ ಮಾಡ್ತಿದ್ದ ಅಣ್ಣಾ. ಹೋದ್ ವರ್ಷ ಯುಗಾದಿಗೆ ಬಂದೋನು ಮತ್ತೆ ಬರ್ನಿಲ್ಲ. ಯಾಡುನ್ನಾಡೋ ಏಮೋ, ಎಲ್ಲವ್ನೋ ಏನೋ. ಫೋನೂ ಇಲ್ಲ.”

“ನನ್ ಮಾತು ಮೀರಲ್ಲ ಅಂತ ಜಡ್ಜಿಗೆ ಹೇಳಿದ್ನಲ್ಲಮ್ಮಾ…”

“ನನ್ ಮಾತೇ ಕೇಳ್ನಿಲ್ಲ ಅವ್ನು, ನಿನ್ ಮಾತು ಕೇಳ್ತಾನಾ?” ಎಂದಳು ಬಚ್ಚಮ್ಮ. ಜಾಮೀನು ಹಾಕುತ್ತಾ ಬಂದ ಹನ್ನೆರಡು ವರ್ಷದಲ್ಲಿ ಶ್ರೀನಿವಾಸಪ್ಪನವರ ಬಗ್ಗೆ ಊರಿನಲ್ಲಿ ಯಾರಾದರೂ ಆಡಿದ ಮೊದಲ ನಿಜವಾದ ಮಾತು ಅದು.

ಜಾಮೀನಿನ ಹಣ ಮನ್ನಾ ಮಾಡಬೇಕೆಂದು ಕೋರ್ಟಿಗೆ ಅರ್ಜಿಯನ್ನು ಮೇಘನಳೇ ಬರೆದಳು. ಕೋರ್ಟಿನಲ್ಲಿ ಜವಾನ ಮೂರು ಸಲ ಹೆಸರು ಕೂಗಿದ. ಶ್ರೀನಿವಾಸಪ್ಪ ಚಪ್ಪಲಿ ಬಿಟ್ಟು, ಕೈ ಕಟ್ಟಿ ನಿಂತರು. ಈಗಿನ ನ್ಯಾಯಾಧೀಶರು ಗಂಡಸು. ಅರ್ಜಿ ಓದಿ, “ಚೆನ್ನಾಗಿ ಬರೆದಿದೆ. ಆರೋಪಿಯನ್ನ ಕರ್ಕೊಂಡ್ ಬನ್ನಿ, ಇಲ್ಲ ಹಣ ಕಟ್ಟಿ,” ಎಂದರು. ಅರ್ಜಿ ಬರೆದವಳು ಕೊನೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಳು.

ಮೈಸೂರಿಗೆಂದು ರೇಷ್ಮೆ ಗೂಡು ಮಾರಿ ಇಟ್ಟಿದ್ದದ್ದು ಸರಿಯಾಗಿ ಐವತ್ತು ಸಾವಿರ. ಕಟ್ಟಿದರು. ಒಂದು ಸಾಲು ಹೋಗುವ ದಾರಿಯಾಯಿತು. ಉಳಿದ ಆರು ಹಳೆಯ ಕೇಸುಗಳು. ಫೈಲುಗಳು ರೆಕಾರ್ಡ್ ರೂಮಿನಲ್ಲಿ. ಅವುಗಳನ್ನು ಹುಡುಕಿಸಿ, ಆದೇಶದ ನಕಲು ಪಡೆದು, ತಾಲ್ಲೂಕು ಕಚೇರಿಗೆ ಕೊಟ್ಟು, ಪಹಣಿ ತಿದ್ದಿಸಲು ಕಡಿಮೆಯೆಂದರೆ ಎರಡು ತಿಂಗಳು ಎಂದು ಗುಮಾಸ್ತರು ಹೇಳಿದರು. ದಂಡ ಕಟ್ಟಿದ ರಸೀದಿ ಹಿಡಿದು ಮೇಘನ ಮತ್ತೆ ಬ್ಯಾಂಕಿಗೆ ಓಡಿದಳು. ಮುರಳಿಮೋಹನ್ ಮೇಲಿನ ಕಚೇರಿಗೆ ಬರೆದರು. ಹದಿಮೂರಕ್ಕೆ ಉತ್ತರ ಬಂತು: ಜಮೀನು ಆಧಾರ ಇಲ್ಲದಿದ್ದರೂ ತಂದೆ ಜೊತೆ ಸಾಲಗಾರರಾದ್ದರಿಂದ, ಕೋರ್ಟಿನ ಆದೇಶ ಪಹಣಿಗೆ ಇಳಿದ ನಂತರ ಪರಿಶೀಲಿಸಲಾಗುವುದು.

ಅವತ್ತು ಮೇಘನಳ ತಾಯಿ ಭಾರತಮ್ಮ ಕುತ್ತಿಗೆಯ ಸರ ಬಿಚ್ಚಿ ಮಗಳ ಮುಂದೆ ಇಟ್ಟರು. “ತಗೊಂಡ್ಹೋಗೇ. ಈ ವರ್ಷದ್ದು ಕಟ್ಟು.”

ಮೇಘನ ಸರವನ್ನು ಕೈಯಲ್ಲಿ ಹಿಡಿದು ತೂಗಿದಳು. “ಈ ವರ್ಷಕ್ಕೂ ಪೂರ್ತಿ ಬರಲ್ಲಮ್ಮ. ಎರಡನೇ ವರ್ಷ ಮಧ್ಯದಲ್ಲಿ ವಾಪಸ್ ಬರೋಕೆ ನನ್ನಿಂದಾಗಲ್ಲ,” ಎಂದು ಅದನ್ನು ಅಮ್ಮನ ಕುತ್ತಿಗೆಗೇ ಹಾಕಿದಳು. ಅಳಲಿಲ್ಲ. ಗೋಡೆಯ ಹಾಳೆಯಲ್ಲಿ ಕುಂಕುಮ ಇಟ್ಟಿದ್ದ ಕಾಲಮ್ಮಿಗೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದಳು.

ಹದಿನೈದು ದಾಟಿತು. ಊರು ಬಹಳ ಬೇಗ ಸಮಾಧಾನ ಮಾಡಿಕೊಂಡಿತು. ಕೋಲಾರವಾದರೇನು, ಮೈಸೂರಾದರೇನು, ಕರಿ ಕೋಟು ಒಂದೇ ಎಂದೆವು. ಕೋಲಾರದಲ್ಲಿ ಓದಿ ಜಡ್ಜ್ ಆದವರೂ ಇರಬಹುದು. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ನಿಂತು, ಸಂಜೆ ಹುಳುವಿಗೆ ಸೊಪ್ಪು ಕತ್ತರಿಸಿ ಹಾಕಿ ಜಡ್ಜ್ ಆದವರು ಎಷ್ಟು ಎಂದು ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಕೋಲಾರದ ಕಾಲೇಜಿನ ಅರ್ಜಿ ತುಂಬಿದ್ದು ಮನೆಯ ಜಗುಲಿಯಲ್ಲಿ. ಕೊನೆಯ ಪುಟದಲ್ಲಿ ಒಂದು ಮುಚ್ಚಳಿಕೆ ಇತ್ತು: ‘ನನ್ನ ಮಗಳ ನಡತೆಗೂ ಶುಲ್ಕಕ್ಕೂ ನಾನು ಜವಾಬ್ದಾರ.’ ಕೆಳಗೆ ತಂದೆ ಅಥವಾ ತಾಯಿಯ ಸಹಿ. ಶ್ರೀನಿವಾಸಪ್ಪ ಆಗಲೇ ಪೆನ್ನಿನ ಕ್ಯಾಪು ತೆಗೆದು, ಕನ್ನಡಕ ಏರಿಸಿ, ತೋಳು ಮಡಿಸಿಕೊಂಡು ಸಿದ್ಧರಾಗಿದ್ದರು.

“ಎಲ್ಲಿ ಪಾಪಾ, ಇಲ್ಲೇನಾ?”

ಮೇಘನ ಹಾಳೆಯನ್ನು ಮೆಲ್ಲಗೆ ಅಮ್ಮನ ಕಡೆ ತಿರುಗಿಸಿದಳು. “ಅಮ್ಮ ಹಾಕ್ಲಿ ಬಿಡಪ್ಪ.”

ಭಾರತಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಹಿ ಕಲಿತವರು. ಗಂಡನ ಮುಖ ನೋಡಿದರು, ಮಗಳ ಮುಖ ನೋಡಿದರು. ಗಂಡನ ಕೈಯಿಂದ ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರವನ್ನು ಒತ್ತಿ ಬರೆದರು.

ಶ್ರೀನಿವಾಸಪ್ಪ ಪಕ್ಕದಿಂದ ಬಗ್ಗಿ ನೋಡುತ್ತಿದ್ದರು. “ಕೆಳಗೆ ಎರಡು ಗೆರೆ ಎಳಿ. ಚುಕ್ಕೆ ಇಡು,” ಎಂದರು.

ಭಾರತಮ್ಮ ಇಡಲಿಲ್ಲ.