ಬಾಸಿಂಗದ ಬೆಂಡು

೧೯೭೯ರಲ್ಲಿ ನಾನು ಜೇವರ್ಗಿಯಲ್ಲಿ, ನೆಲದಡಿಯ ನೀರು ಹುಡುಕುವ ಸರ್ಕಾರಿ ತಂಡವೊಂದರಲ್ಲಿ ಮೆಕ್ಯಾನಿಕ್ ಆಗಿದ್ದೆ. ಓದು ಮೆಟ್ರಿಕ್‌ವರೆಗೆ. ನಾಲ್ಕು ಕಬ್ಬಿಣದ ಗೂಟಗಳನ್ನು ಸಾಲಾಗಿ ನೆಲಕ್ಕೆ ಹೊಡೆದು, ಹೊರಗಿನ ಎರಡರಿಂದ ಕರೆಂಟ್ ಬಿಡುತ್ತಿದ್ದೆವು. ಒಳಗಿನ ಎರಡರ ನಡುವಿನ ವೋಲ್ಟೇಜನ್ನು ಮೀಟರಿನ ಮುಳ್ಳು ತೋರಿಸುತ್ತಿತ್ತು. ಮುಳ್ಳು ಕಡಿಮೆ ಸರಿದರೆ ಅಡಿಯಲ್ಲಿ ತೇವವಿದೆ ಎಂದು ನಮ್ಮ ಅಂದಾಜು.

ಆ ಮುಳ್ಳಿನ ಕಾಯಿಲ್ ಕೂದಲಿಗಿಂತ ತೆಳುವಾದ ತಂತಿಯಲ್ಲಿ ತೂಗುತ್ತಿತ್ತು. ಆಳಂದ, ಅಫಜಲಪುರದ ರಸ್ತೆಗಳಲ್ಲಿ ಜೀಪು ಕುಣಿದರೆ ತಂತಿ ಹರಿದುಹೋಗುತ್ತಿತ್ತು. ಅದರ ಆಸರೆಗೆ ಮೊದಲಿದ್ದ ಸ್ಪಂಜು ಪುಡಿಯಾಗಿತ್ತು. ಹಗುರವಾದ, ಮೆತ್ತನೆಯ ವಸ್ತು ಬೇಕೆಂದು ನಾನು ಹುಡುಕುತ್ತಿದ್ದಾಗ ಗೂಟ ಹೊಡೆಯುವ ದಿನಗೂಲಿ ಆಳು ಶರಣಪ್ಪ ಕೇಳಿದ:

“ಬೆಂಡ ನಡೀತದೇನ್ರಿ ಅಣ್ಣಾರ? ನನ್ನ ಬಾಸಿಂಗ ಜಂತಿಗೆ ಸುಮ್ಮನ ತೂಗಾಕತ್ತದ.”

“ಹೆಂಡ್ತಿ ಬೈಯಂಗಿಲ್ಲೇನೋ?”

“ಗಂಡನೇ ಕೈಯಾಗ ಅದಾನ, ಬಾಸಿಂಗ ಯಾಕಂತಾಳ್ರಿ.”

ಅಂದೋಲಾದ ಹುಡುಗ. ಮದುವೆಯಾಗಿ ವರ್ಷವಾಗಿರಲಿಲ್ಲ. ಆ ವರ್ಷ ಅವನ ನೌಕರಿ ಕಾಯಂ ಆಗುವುದರಲ್ಲಿತ್ತು. ಅವನು ತಂದ ಮದುವೆಯ ಬಾಸಿಂಗದಿಂದ ಹಗುರವಾದ ಬೆಂಡನ್ನು ಬಿಡಿಸಿ, ಬ್ಲೇಡಿನಿಂದ ಕೊರೆದು ತಂತಿಯ ಎರಡೂ ಬದಿಗೆ ಅಂಟಿಸಿದೆ. ನಡುವೆ ಒಂದು ಬ್ಲೇಡ್ ದಪ್ಪದಷ್ಟೇ ಸಂದು. ಬೇಸಿಗೆ ಮುಗಿಯುವವರೆಗೂ ತಂತಿ ಹರಿಯಲಿಲ್ಲ. ಇಂಜಿನಿಯರ್ ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸರಸಂಬಾಕ್ಕೆ ಹೋದೆವು. ಒಂದು ಜಾಗದಲ್ಲಿ ಮುಳ್ಳು ಬಹಳ ಕಡಿಮೆ ಸರಿಯಿತು. ಅಲ್ಲಿಯೇ ಗುರುತು ಹಾಕಿದೆವು. ಹತ್ತು ದಿನಕ್ಕೆ ಯಂತ್ರ ಬಂದು ಇನ್ನೂರು ಅಡಿ ಕೊರೆಯಿತು. ಬಂದದ್ದು ಬರೀ ಕಲ್ಲಿನ ಪುಡಿ.

ಆ ಜಾಗ ಶರಣಪ್ಪನ ಮಾವನ ಹೊಲದ ಬದುವಿನಲ್ಲಿತ್ತು. ಬಾವಿ ಅಲ್ಲೇ ಆಗಲೆಂದು ಅವನೇ ಒಳಗಿನ ಗೂಟಗಳನ್ನು ಹತ್ತಿರ ಸರಿಸಿ ಮುಳ್ಳು ತಗ್ಗಿಸಿರಬೇಕೆಂದು ಸಾಹೇಬರಿಗೆ ಅನುಮಾನ ಬಂತು. ನನಗೂ ಬಂತು. ಕೊರೆದ ದಿನ ಬೆಳಿಗ್ಗೆ ಅವನು ಮಾವನ ಮನೆಗೆ ಹೋಗಿ ಚೀಲವೊಂದನ್ನು ಹಿಡಿದು ಬಂದದ್ದನ್ನು ನಾನೇ ಸಾಹೇಬರ ಕಿವಿಗೆ ಹಾಕಿದೆ. ಜನರ ಎದುರಿಗೇ ಚೀಲ ಬಿಚ್ಚಿಸಿದೆವು. ರೊಟ್ಟಿ, ಶೇಂಗಾ ಹಿಂಡಿ, ಒಂದು ಹಸಿರು ಕುಪ್ಪಸದ ಬಟ್ಟೆ.

“ನಮ್ಮ ಅತ್ತಿ ತನ್ನ ಮಗಳಿಗೆ ಕೊಟ್ಟಾಳ್ರಿ ಸಾಹೇಬ್ರ.”

“ಬಾವಿ ಕೊರಿಯೋ ದಿನಾನ ಕೊಡಬೇಕಿತ್ತೇನಲೇ?” ಎಂದೆ ನಾನು.

ರೊಟ್ಟಿಯನ್ನು ಮತ್ತೆ ಚೀಲಕ್ಕೆ ತುಂಬುತ್ತ ಅವನು ನನ್ನನ್ನೇ ನೋಡಿದ. ಕಳ್ಳನ ನೋಟ ಇದು ಎಂದುಕೊಂಡೆ.

ಮರುದಿನ ಮೀಟರ್ ಪರೀಕ್ಷಿಸಿ ವರದಿ ಕೊಡಲು ಸಾಹೇಬರು ಹೇಳಿದರು. ಹತ್ತು ಓಮ್‌ನ ಗೊತ್ತಾದ ರೋಧಕವನ್ನು ಜೋಡಿಸಿದೆ. ಮೀಟರಿನ ಲೆಕ್ಕದಲ್ಲಿ ಆರೇ ಬಂತು. ಮುಚ್ಚಳ ತೆಗೆದೆ. ಅಷ್ಟೂ ದಿನದ ಮಳೆಯ ಹಸಿ ಕುಡಿದು ಬೆಂಡು ಉಬ್ಬಿತ್ತು. ಸಂದು ಮುಚ್ಚಿ ಎರಡೂ ಬದಿಯಿಂದ ತಂತಿಯನ್ನು ಒತ್ತಿ ಹಿಡಿದಿತ್ತು. ಮುಳ್ಳು ಸರಿಯದಂತೆ ತಡೆದದ್ದು ಸರಸಂಬಾದ ನೀರಲ್ಲ, ನನ್ನ ಕೈಕೆಲಸ.

ಕೋಣೆಯ ಬಾಗಿಲು ಹಾಕಿಕೊಂಡೆ. ಅಂದು ಮೋಡ ಹರಿದು ಕಿಟಕಿಗೆ ಬಂದ ಬಿಸಿಲಿಗೆ ಮೀಟರ್ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಬೆಂಡು ಒಣಗಿ ಮುಳ್ಳು ಸರಿಯಾಗಿ ಹತ್ತಕ್ಕೆ ಬಂತು. ಆಮೇಲೆ ವರದಿ ಬರೆದೆ: “ಉಪಕರಣ ಸುಸ್ಥಿತಿಯಲ್ಲಿದೆ.” ಬರೆದ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು. ಮೀಟರ್ ಸರಿಯಿದ್ದ ಮೇಲೆ ತಪ್ಪು ಗೂಟ ಹೊಡೆದವನದೇ ಎಂದಾಯಿತು. ಆ ವಾರವೇ ಶರಣಪ್ಪನ ಹೆಸರು ಹಾಜರಿಪಟ್ಟಿಯಿಂದ ಹೋಯಿತು. ಬೆಂಡನ್ನು ಕಿತ್ತು ಒಲೆಗೆ ಹಾಕಿದೆ. ಅಂದಿನಿಂದ ನನ್ನ ಅನುಮಾನ ತಿರುಗಿತು. ಯಾರು ಮೀಟರಿನ ಮೇಲೆ ಕೈಯಿಟ್ಟರೂ ಇವನಿಗೆ ಗೊತ್ತಾಗಿದೆ ಎನಿಸುತ್ತಿತ್ತು.

ಹದಿನೈದು ವರ್ಷದ ಮೇಲೆ ಜೇವರ್ಗಿ ಬಸ್ ನಿಲ್ದಾಣದಲ್ಲಿ ಅವನೇ ಗುರುತು ಹಿಡಿದು ಮಾತಾಡಿಸಿದ. ಹಮಾಲಿ ಮಾಡುತ್ತಿದ್ದ.

“ಅಣ್ಣಾರ, ಆ ತಂತಿ ಮತ್ತ ಹರೀಲಿಲ್ಲ ಹೌದಲ್ರಿ?”

“ಇಲ್ಲಪ್ಪ.”

“ನನ್ನ ಬೆಂಡ ಉಪಯೋಗಕ್ಕ ಬಂತು, ಬಿಡ್ರಿ.”

ಗೊತ್ತಿದ್ದು ಹೇಳಿದನೋ, ಗೊತ್ತಿಲ್ಲದೆ ಹೇಳಿದನೋ, ಅವನ ಮುಖದಲ್ಲಿ ತಿಳಿಯಲಿಲ್ಲ. ಬಸ್ ಬಂತೆಂದು ಹತ್ತಿಬಿಟ್ಟೆ. ಅದು ನನ್ನ ಊರಿನ ಬಸ್ಸಾಗಿರಲಿಲ್ಲ.

ಉಪಕರಣವನ್ನು ಸರಿಪಡಿಸುವ ಮೊದಲು ಅದು ಹೇಗಿತ್ತು ಎಂಬುದನ್ನು ಬರೆಯಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿತದ್ದು ತಡವಾಗಿ. ಅಂದು ಬರೆಯದೆ ಬಿಟ್ಟ ಸಾಲನ್ನು ಇಲ್ಲಿ ಬರೆದು, ಈ ಹಾಳೆಯನ್ನು ಅಂದೋಲಾಕ್ಕೆ ನಾನೇ ಒಯ್ಯುತ್ತೇನೆ: ಬೆಳಿಗ್ಗೆ ಮುಚ್ಚಳ ತೆಗೆದಾಗ ಬೆಂಡು ಹಸಿಯಾಗಿತ್ತು. ಶರಣಪ್ಪ ಗೂಟ ಸರಿಸಿರಲಿಲ್ಲ.