ದೊಡ್ಡಪ್ಪನ ಒಪೀನಿಯನ್

ದೊಡ್ಡಪ್ಪ ತೀರಿಕೊಂಡ ಹತ್ತನೇ ದಿನ, ಹಳೇಬೀಡಿನ ಕೆರೆ ದಂಡೆಯಲ್ಲಿಟ್ಟ ಪಿಂಡವನ್ನು ಕಾಗೆ ಮುಟ್ಟಲೇ ಇಲ್ಲ. ಕಲ್ಲಿನ ಮೇಲೆ ಕೂತು, ಕತ್ತು ಓರೆ ಮಾಡಿ ನಮ್ಮನ್ನೇ ನೋಡುತ್ತಿತ್ತು. ಮಗಳ ಮದುವೆ ಮಾಡ್ತೀವಿ, ತೋಟ ಮಾರಲ್ಲ ಅಂತ ಒಬ್ಬೊಬ್ಬರೇ ಕೈಮುಗಿದು ಮಾತು ಕೊಟ್ಟೆವು. ಅದು ಕದಲಲಿಲ್ಲ.

ದೊಡ್ಡಪ್ಪ ಇಂಗ್ಲಿಷ್ ಮೇಷ್ಟ್ರು. ಮನೆಯಲ್ಲಿ ಏನೇ ಮಾತು ಬಂದರೂ ‘ಇನ್ ಮೈ ಒಪೀನಿಯನ್’ ಎಂದು ಶುರು ಮಾಡುತ್ತಿದ್ದರು. ನಾವು ನಕ್ಕುಬಿಡುತ್ತಿದ್ದೆವು, ಮುಗಿಸಲು ಬಿಡುತ್ತಿರಲಿಲ್ಲ.

ಕೊನೆಗೆ, ಎಂದೂ ಇಂಗ್ಲಿಷ್ ಆಡದ ದೊಡ್ಡಮ್ಮ ಮುಂದೆ ಬಂದರು. “ವಾಟ್ ಈಸ್ ಯುವರ್ ಒಪೀನಿಯನ್, ರೀ? ಹೇಳಿ, ಇವತ್ತು ಯಾರೂ ನಡುವೆ ಬಾಯಿ ಹಾಕಲ್ಲ.”

ಕಾಗೆ ಕೂಗತೊಡಗಿತು. ನಿಧಾನಕ್ಕೆ, ತಡೆದು ತಡೆದು, ಪಾಠ ಹೇಳಿದ ಹಾಗೆ. ಪುರೋಹಿತರ ಮಂತ್ರವೂ ನಿಂತಿತು. ಎಲ್ಲ ಮುಗಿಸಿ, ಕೆಳಗಿಳಿದು ಅನ್ನ ಮುಟ್ಟಿತು.

ಏನು ಹೇಳಿದರೋ ಯಾರಿಗೂ ತಿಳಿಯಲಿಲ್ಲ. ಈಗಲೂ ಹೆಂಚಿನ ಮೇಲೆ ಕಾಗೆ ಕೂಗಿದರೆ, ಅದು ಮುಗಿಸುವವರೆಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.